ಎಷ್ಟು ಲೀಟರಿನ ಚೀಲ?

ಕ್ಯಾಮೆರಾ ಕೊಳ್ಳುವಾಗ ನನ್ನನ್ನು ಒಂದು ಮಾತೂ ಕೇಳದ ಸೋದರಳಿಯ, ಅದನ್ನು ಹೊರುವ ಬ್ಯಾಗು ಕೊಳ್ಳುವ ಹೊತ್ತಿಗೆ ಮಾತ್ರ ಅಂಗಡಿಯೊಳಗಿನಿಂದಲೇ ಫೋನ್ ಮಾಡಿ, "ಮಾವ, ಇಪ್ಪತ್ತೈದು ಲೀಟರಿಂದು ತಗೊಳ್ಳಲೋ, ಮೂವತ್ತೈದರದ್ದು ತಗೊಳ್ಳಲೋ?" ಎಂದು ಕೇಳಿದ. ಮದುವೆ ಮನೆ, ಯಕ್ಷಗಾನದ ಬಯಲು, ಅಡಿಕೆ ತೋಟದ ಸಾಕ್ಷ್ಯಚಿತ್ರ ಎಂದು ಬಹುಕಾಲದಿಂದ ಕ್ಯಾಮೆರಾ ಹೊತ್ತು ತಿರುಗುತ್ತಿರುವವನಿಗೆ ಇದಕ್ಕೆಲ್ಲ ಉತ್ತರ ನಾಲಗೆಯ ತುದಿಯಲ್ಲೇ ಇರಬೇಕೆಂದು ಅವನು ಭಾವಿಸಿದ್ದು ಸಹಜವೇ. ಆದರೆ ಲೀಟರು ಎಂಬ ಮಾತು ಕಿವಿಗೆ ಬಿದ್ದೊಡನೆ ನನಗೆ ಪಿತ್ತ ನೆತ್ತಿಗೇರಿತು. ಚೀಲದ ಎಲ್ಲ ಖಾನೆಗಳಿಗೂ ಸಣ್ಣ ಪ್ಲಾಸ್ಟಿಕ್ ಗೋಲಿಗಳನ್ನು ತುಂಬಿ, ಆಮೇಲೆ ಅವನ್ನು ಅಳತೆಪಾತ್ರೆಗೆ ಸುರಿದು ಈ ಲೀಟರಿನ ಲೆಕ್ಕ ತೆಗೆಯುವ ಪದ್ಧತಿಯೊಂದಿದೆ. ಬೆಟ್ಟ ಹತ್ತಲು ಹೋಗುವವರು ಹೊದಿಕೆ, ಸ್ವೆಟರ್, ಟೆಂಟು ಎಂದು ಮೆತ್ತನೆಯ ಸಾಮಾನು ತುರುಕಿಕೊಂಡು ಹೋಗುವ ಚೀಲಕ್ಕೆ ಆ ಲೆಕ್ಕ ಒಪ್ಪುತ್ತದೆ. ಕ್ಯಾಮೆರಾ ಗೋಲಿಯಲ್ಲ, ಸ್ವೆಟರೂ ಅಲ್ಲ. ಅದನ್ನು ಮಡಚಿ ಮೂಲೆಗೆ ತುರುಕಲು ಬರುವುದಿಲ್ಲ. ಮೂವತ್ತೈದು ಲೀಟರೆಂದು ಚೀಟಿ ಅಂಟಿಸಿದ ಚೀಲದಲ್ಲಿ ಪೆನ್ನಿನ ಜೇಬು, ನೀರಿನ ಬಾಟಲಿಯ ಜೇಬು, ಇಂದಿಗೂ ಯಾತಕ್ಕೆಂದು ನನಗೆ ತಿಳಿಯದ ಒಂದು ಬಲೆಯ ಜೇಬು, ಇವುಗಳ ಲೀಟರೂ ಸೇರಿರುತ್ತದೆ.

ಅಷ್ಟೇ ಸಾಲದೆಂಬಂತೆ ವಿಮಾನದವರ ಲೆಕ್ಕವೊಂದು ಬೇರೆ. ನಮ್ಮ ದೇಶದೊಳಗಿನ ಹಾರಾಟಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ ಕೊಡುವ ಮಿತಿ 7 ಕಿಲೋ. ಅಳತೆ ಬಹಳ ಕಡೆ 55, 35, 25 ಸೆಂಟಿಮೀಟರ್. ಈ ಮೂರನ್ನೂ ಗುಣಿಸಿದರೆ 48 ಲೀಟರಿನ ಮೇಲಾಗುತ್ತದೆ. ಅಂದರೆ ನಲವತ್ತೆಂಟು ಲೀಟರು ಜಾಗದಲ್ಲಿ ಏಳೇ ಕಿಲೋ ಸಾಮಾನನ್ನು ಒಯ್ಯಿರಿ ಎಂದು ಅವರ ಅಪ್ಪಣೆ. ಹತ್ತಿ ವ್ಯಾಪಾರಿಗಳಿಗೆ ಇದರಿಂದ ಬಹಳ ಅನುಕೂಲವಾಗಿರಬೇಕು. ಒಳಗೆ ದಪ್ಪ ಫೋಮು, ಬೆನ್ನಿಗೆ ಗಟ್ಟಿ ಹಲಗೆ ಇರುವ ಒಳ್ಳೆಯ ಕ್ಯಾಮೆರಾ ಚೀಲ ಖಾಲಿಯಿದ್ದಾಗಲೇ ಎರಡು ಕಿಲೋ ತೂಗುತ್ತದೆ. ಉಳಿದ ಐದರಲ್ಲಿ ಸಂಸಾರ ತೂಗಿಸಬೇಕು. ಅಳಿಯ ಕೊಂಡಿರುವ ಸೋನಿ ಎಫ್‌ಎಕ್ಸ್3 ಕ್ಯಾಮೆರಾ, ಬ್ಯಾಟರಿ ಮತ್ತು ಕಾರ್ಡು ಸೇರಿ 715 ಗ್ರಾಂ ಮಾತ್ರ ಎಂಬುದು ಅವನ ಹೆಮ್ಮೆ. ಅದಕ್ಕೆ ಅವನು ಆಸೆಪಟ್ಟು ಜೋಡಿಸಿಕೊಂಡಿರುವ, ದೂರದ್ದನ್ನು ಹತ್ತಿರ ತೋರಿಸುವ 70-200ರ ಲೆನ್ಸೊಂದೇ ಒಂದು ಕಿಲೋಗೆ ಮೇಲಿದೆ, 24-70ರದ್ದು ಏಳುನೂರು ಗ್ರಾಮಿಗೆ ಐದು ಕಡಿಮೆ. ಮೈಕು, ಮಾನಿಟರ್, ಲ್ಯಾಪ್‌ಟಾಪು, ಚಾರ್ಜರುಗಳು, ಅವುಗಳ ವೈರುಗಳು ಎಂದು ಸೇರಿಸುತ್ತ ಹೋದರೆ ಏಳು ಕಿಲೋ ಎಂಬುದು ಯಾವಾಗಲೋ ಹಿಂದೆ ಬಿದ್ದಿರುತ್ತದೆ. ಭಾರವಾದದ್ದನ್ನು ಲಗೇಜಿಗೆ ಹಾಕಿಬಿಡೋಣವೆಂದರೆ ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಬರಬೇಕೆಂಬ ನಿಯಮವಿದೆ, ಮತ್ತು ಅವೂ ಭಾರವಾದವೇ. ಒಂದೊಂದರಲ್ಲಿ ಹಿಡಿಸುವ ವಿದ್ಯುತ್ತು 100 ವ್ಯಾಟ್-ಅವರ್ ದಾಟಬಾರದು, ದಾಟಿದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, 160 ದಾಟಿದರೆ ಒಯ್ಯುವ ಮಾತೇ ಇಲ್ಲ. ದೊಡ್ಡ ವಿಡಿಯೋ ಬ್ಯಾಟರಿಗಳ ಮೇಲೆ 98, 99 ಎಂಬ ವಿಚಿತ್ರ ಅಂಕಿಗಳು ಕಾಣಿಸುವುದು ಈ ಕಾರಣಕ್ಕೇ. ನಿಯಮವನ್ನು ನೋಡಿಕೊಂಡು ಬ್ಯಾಟರಿ ಮಾಡುವವರು ಜಗತ್ತಿನಲ್ಲಿದ್ದಾರೆ. ನಿಯಮವನ್ನು ನೋಡಿಕೊಂಡು ಚೀಲ ಹೊಲಿಯುವವರು ಮಾತ್ರ ಇನ್ನೂ ಹುಟ್ಟಬೇಕು.

ಇದನ್ನೆಲ್ಲ ಫೋನಿನಲ್ಲಿ ಹೇಳಲು ತೊಡಗಿದಾಗ ಅಳಿಯ, "ಮಾವ, ಅಂಗಡಿಯವರು ಕಾಯ್ತಾ ಇದ್ದಾರೆ" ಎಂದ. ಉಳಿದದ್ದನ್ನು ಸಂಜೆ ನಿಧಾನವಾಗಿ ಹೇಳುತ್ತೇನೆಂದು ಮಾತು ಕೊಟ್ಟು ಫೋನ್ ಇಟ್ಟೆ.

ನಿಜ ಹೇಳಬೇಕೆಂದರೆ ವಿಡಿಯೋದವನ ಚೀಲಕ್ಕೂ ಸ್ಟಿಲ್ ಫೋಟೋದವನ ಚೀಲಕ್ಕೂ ಇರುವ ಅಂತರವನ್ನೇ ಅಂಗಡಿಯವರು ಒಪ್ಪುವುದಿಲ್ಲ. ಫೋಟೋ ತೆಗೆಯುವವನ ಕ್ಯಾಮೆರಾ ಬರಿಯ ಕ್ಯಾಮೆರಾ. ವಿಡಿಯೋದವನದು ಹಾಗಲ್ಲ, ಅದರ ಸುತ್ತ ಲೋಹದ ಪಂಜರ, ನೆತ್ತಿಯ ಮೇಲೆ ಹಿಡಿಕೆ, ಹಿಡಿಕೆಯ ಮೇಲೆ ಮೈಕು, ಪಕ್ಕದಲ್ಲಿ ಮಾನಿಟರ್, ಹಿಂದೆ ದೊಡ್ಡ ಬ್ಯಾಟರಿ. ಇದನ್ನೆಲ್ಲ ಜೋಡಿಸಿದ ಸ್ಥಿತಿಯಲ್ಲೇ ಒಳಗಿಟ್ಟು, ಹಾಗೆಯೇ ಹೊರತೆಗೆಯುವಷ್ಟು ಆಳ ಚೀಲಕ್ಕಿರಬೇಕು. ಅಂಗಡಿಯಲ್ಲಿ ಸಿಗುವ ಚೀಲಗಳೋ ಅಂಗೈಯನ್ನು ನಿಲ್ಲಿಸಿದರೆ ಬೆರಳು ಹೊರಗೆ ಕಾಣುವಷ್ಟೇ ಆಳ. ಆದ್ದರಿಂದ ಪ್ರತಿ ಸಲವೂ ಸ್ಕ್ರೂ ಬಿಚ್ಚಿ ಎಲ್ಲವನ್ನೂ ಬಿಡಿ ಮಾಡಿ ಇಡಬೇಕು, ಹೋದಲ್ಲಿ ಮತ್ತೆ ಜೋಡಿಸಬೇಕು. ಜೋಡಿಸುವವರೆಗೆ ಯಾವ ಮುಹೂರ್ತವೂ ಕಾಯುವುದಿಲ್ಲ. ಅಷ್ಟಕ್ಕೂ ಚೀಲವನ್ನು ಮಾರುವುದು ಹೊರುವ ವಸ್ತುವೆಂದು. ಅದರ ಬಾಳೆಲ್ಲ ಕಳೆಯುವುದು ಮಾತ್ರ ಯಾರದೋ ಮನೆಯ ಜಗಲಿಯಲ್ಲಿ, ಚಪ್ಪರದ ಮೂಲೆಯಲ್ಲಿ, ಒದ್ದೆ ನೆಲದ ಮೇಲೆ, ಕಂಡಕಂಡವರ ಕಾಲ ಸಂದಿಯಲ್ಲಿ. ಇಳಿಸಿಟ್ಟ ಚೀಲಕ್ಕೆ ಏನಾಗಬಹುದು ಎಂಬುದನ್ನು ನಾನು ಚಿಕ್ಕಂದಿನಲ್ಲೇ, ಚಿಕ್ಕಮ್ಮನ ಮದುವೆಯಲ್ಲಿ ನೋಡಿದ್ದೇನೆ.

ಆ ಮದುವೆ ಶಿರಸಿಯ ಕಡೆಯ ಅಜ್ಜನ ಮನೆಯಲ್ಲೇ, ಅಂಗಳಕ್ಕೆ ಅಡಿಕೆ ದಬ್ಬೆಯ ಚಪ್ಪರ ಹಾಕಿ ಆದದ್ದು. 1990ರ ಆಸುಪಾಸು. ನಮ್ಮ ಸೀಮೆಯಲ್ಲಿ ಮದುವೆಗೆ ವಿಡಿಯೋ ಮಾಡಿಸುವುದು ಆಗಷ್ಟೇ ಶುರುವಾಗಿತ್ತು. ಪೇಟೆಯಿಂದ ಬಂದ ವಿಡಿಯೋದವರ ಬಳಿ ಪೂರ್ಣ ಗಾತ್ರದ ವಿ.ಎಚ್.ಎಸ್. ಕ್ಯಾಸೆಟ್ಟನ್ನೇ ಹೊಟ್ಟೆಯಲ್ಲಿ ಹಿಡಿಸಿಕೊಳ್ಳುವ, ಹೆಗಲ ಮೇಲಿಟ್ಟು ತೆಗೆಯುವ ಪ್ಯಾನಾಸೋನಿಕ್ ಕ್ಯಾಮೆರಾ ಇತ್ತು. ಅದಕ್ಕೊಂದು ಗಟ್ಟಿ ಪೆಟ್ಟಿಗೆ. ಪೆಟ್ಟಿಗೆಯೊಳಗಿನ ಸ್ಪಂಜಿನಲ್ಲಿ ಕ್ಯಾಮೆರಾದ್ದೇ ಆಕಾರಕ್ಕೆ ಕೊರೆದ ಒಂದು ಗುಳಿ. ಆ ಗುಳಿಯಲ್ಲಿ ಆ ಕ್ಯಾಮೆರಾ ಬಿಟ್ಟು ಇನ್ನೊಂದು ವಸ್ತು ಕೂರುವಂತಿರಲಿಲ್ಲ. ಆರಿಸುವ ಕಷ್ಟವನ್ನೇ ಇಡದ ಆ ಪೆಟ್ಟಿಗೆಯ ಮೇಲೆ ನನಗೆ ಇಂದಿಗೂ ಗೌರವವಿದೆ.

ದಿಬ್ಬಣ ಬಂದದ್ದನ್ನೂ ವರನ ಕಾಲು ತೊಳೆದದ್ದನ್ನೂ ಚಿತ್ರೀಕರಿಸಿದ ಮೇಲೆ, ಧಾರೆಗೆ ಇನ್ನೂ ಹೊತ್ತಿದೆಯೆಂದು ಅವರು ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟು ಜಗಲಿಯ ಮೂಲೆಗೆ ಸರಿಸಿ ತಿಂಡಿಗೆ ಹೋದರು. ಅವರು ಅತ್ತ ಹೋಗುವುದೇ ತಡ, ನಾವು ಮಕ್ಕಳೆಲ್ಲ ಪೆಟ್ಟಿಗೆಯ ಮೇಲೆ ಸಾಲಾಗಿ ಕುಳಿತು ಬಸ್ಸು ಬಿಡತೊಡಗಿದೆವು. ಅದನ್ನು ಕಂಡ ಅಜ್ಜಿ, ಸಾವಿರಾರು ರೂಪಾಯಿಯ ಸಾಮಾನು ಮದುವೆ ಮನೆಯಲ್ಲಿ ಹಾಳಾದರೆ ಕೆಟ್ಟ ಹೆಸರೆಂದು, ಆಳಿನ ಕೈಲಿ ಪೆಟ್ಟಿಗೆಯನ್ನು ಎತ್ತಿಸಿ ಉಗ್ರಾಣಕ್ಕೆ ಸೇರಿಸಿದರು. ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಬೇರೊಂದಿರಲಿಲ್ಲ, ಏಕೆಂದರೆ ಲಾಡುಗಳೂ ಅಲ್ಲೇ ಇದ್ದವು. ಧಾರೆಯ ಹೊತ್ತಿಗೆ ಉಗ್ರಾಣದವರೂ ಮಂತ್ರಾಕ್ಷತೆ ಹಾಕಲು ಬರುವವರಾದ್ದರಿಂದ ಬಾಗಿಲಿಗೆ ಬೀಗ ಬಿತ್ತು. ಬೀಗದ ಕೈ ಎಂದಿನಂತೆ ಅಜ್ಜಿಯ ಸೊಂಟ ಸೇರಿತು.

ವಿಡಿಯೋದವರು ಇಡ್ಲಿ, ಕೇಸರಿಬಾತು ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದಾಗ ಪೆಟ್ಟಿಗೆ ಇಲ್ಲ. ವಿಚಾರಿಸಿ, ಉಗ್ರಾಣದಲ್ಲಿದೆಯೆಂದು ತಿಳಿದು, ಬೀಗದ ಕೈ ಯಾರ ಬಳಿ ಎಂದು ಕೇಳುವಷ್ಟರಲ್ಲಿ ವಾಲಗದವರು ಜೋರು ಹಿಡಿದಿದ್ದರು. ಅಜ್ಜಿ ಮಡಿಯುಟ್ಟು ಮಂಟಪದಲ್ಲಿ ಅಜ್ಜನ ಪಕ್ಕ ಗಿಂಡಿ ಹಿಡಿದು ನಿಂತಿದ್ದಾರೆ. ಅವರೇ ಮಗಳಿಗೆ ಧಾರೆ ಎರೆಯಬೇಕಾದವರು. ಬೀಗದ ಕೈಗಳ ಗೊಂಚಲು ಅವರ ಸೊಂಟದಲ್ಲಿ ಊರಿಗೆಲ್ಲ ಕಾಣುವಂತೆ ಹೊಳೆಯುತ್ತಿದೆ. ಮಡಿಯಲ್ಲಿರುವವರನ್ನು ಮುಟ್ಟಿ ತೆಗೆಯುವವರಾರು? ಕೂಗಿ ಹೇಳಿದರೆ ವಾಲಗದಲ್ಲಿ ಕೇಳಿಸದು. ಕೊನೆಗೆ ವಿಡಿಯೋದವರು ಮಂಟಪದ ಎದುರಿಗೆ ನಿಂತು, ಹೆಬ್ಬೆರಳು ತೋರುಬೆರಳುಗಳನ್ನು ಜೋಡಿಸಿ ಬೀಗ ತಿರುಗಿಸುವ ಅಭಿನಯ ಮಾಡತೊಡಗಿದರು. ಬೆಳಗಿನಿಂದ ಅವರು "ಇತ್ತ ನೋಡಿ, ಸ್ವಲ್ಪ ನಗಿ" ಎಂದು ಎಲ್ಲರಿಗೂ ಕೈಸನ್ನೆ ಮಾಡುತ್ತಲೇ ಇದ್ದುದರಿಂದ, ಇದೂ ಅಂಥದ್ದೇ ಸನ್ನೆಯೆಂದು ತಿಳಿದ ಅಜ್ಜಿ ಅವರತ್ತ ತಿರುಗಿ ಮುಖ ತುಂಬ ನಕ್ಕರು. ಅವರು ಇನ್ನೂ ಗಾಬರಿಯಿಂದ ಕೈ ತಿರುಗಿಸಿದರು. ಅಜ್ಜಿ ಅಜ್ಜನಿಗೂ ಮೆಲ್ಲಗೆ ತಿವಿದು ನಗಲು ಹೇಳಿದರು. ಹೀಗೆ ಇಬ್ಬರೂ ಕ್ಯಾಮೆರಾ ಇಲ್ಲದ ಕ್ಯಾಮೆರಾದವರನ್ನು ನೋಡಿ ನಗುತ್ತಿರುವಾಗಲೇ ಧಾರೆ ಮುಗಿದುಹೋಯಿತು.

ಆಮೇಲೆ ನಡೆದದ್ದು ಸಂಧಾನ. ವಿಡಿಯೋಗೆ ಹಣ ಕೊಟ್ಟವನು ದುಬೈಯಲ್ಲಿದ್ದ ಮಾವ. ರಜೆ ಸಿಗದೆ ಮದುವೆಗೆ ಬರಲಾಗದವನು ತಂಗಿಯ ಧಾರೆಯನ್ನಾದರೂ ನೋಡಬೇಕೆಂದೇ ಮಾಡಿಸಿದ್ದ ಏರ್ಪಾಟು ಅದು. ಊಟವಾದ ಮೇಲೆ ಇನ್ನೊಮ್ಮೆ ಧಾರೆ ಎರೆಯಬೇಕೆಂದು ಮನೆಯವರು, ಒಮ್ಮೆ ಕೊಟ್ಟ ಕನ್ಯೆಯನ್ನು ಎರಡನೆಯ ಸಲ ಕೊಡಲು ಶಾಸ್ತ್ರದಲ್ಲಿ ಅವಕಾಶವಿಲ್ಲವೆಂದು ಭಟ್ಟರು. ಅವರಿವರ ಮಾತು, ಮತ್ತೊಂದು ಸುತ್ತಿನ ಪಾಯಸ, ಎಲೆಯಡಿಕೆ ಎಲ್ಲ ಆದ ಬಳಿಕ ಭಟ್ಟರು ಒಂದು ದಾರಿ ಕಂಡುಹಿಡಿದರು: ಬರಿಯ ನೀರು, ಮಂತ್ರವಿಲ್ಲ, ತಾನು ತುಟಿ ಅಲ್ಲಾಡಿಸುತ್ತೇನೆ, ಸದ್ದು ಹೊರಡಿಸುವುದಿಲ್ಲ. ಹೇಗಿದ್ದರೂ ಕ್ಯಾಸೆಟ್ಟಿನಲ್ಲಿ ಆ ಭಾಗಕ್ಕೆ ವಾಲಗವನ್ನೇ ಹಾಕುವುದು ಎಂದು ವಿಡಿಯೋದವರೂ ಧೈರ್ಯ ಹೇಳಿದರು. ಮಲಗಿದ್ದ ಮದುಮಗನನ್ನು ಎಬ್ಬಿಸಿ ಬಾಸಿಂಗ ಕಟ್ಟಿ ಕೂರಿಸಿದ್ದಾಯಿತು, ಬಾಡಿದ ಹಾರಕ್ಕೆ ನೀರು ಚಿಮುಕಿಸಿದ್ದಾಯಿತು, ಧಾರೆ ಎರೆದದ್ದೂ ಆಯಿತು.

ಆ ಕ್ಯಾಸೆಟ್ಟು ದುಬೈಗೂ ಹೋಯಿತು, ನೆಂಟರ ಮನೆಗಳಿಗೂ ಹೋಯಿತು. ನೋಡಿದವರೆಲ್ಲ ಅದರಲ್ಲಿ ಎರಡು ವಿಷಯಗಳನ್ನು ಕಂಡುಹಿಡಿದರು. ಆಮಂತ್ರಣದಲ್ಲಿ ಅಭಿಜಿನ್ ಮುಹೂರ್ತವೆಂದು ಅಚ್ಚಾಗಿದ್ದರೂ ಹಿಂದಿನ ಗೋಡೆಯ ಗಡಿಯಾರ ಮೂರು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು. ಎರಡನೆಯದು ಇನ್ನೂ ಗಂಭೀರವಾದದ್ದು. ಧಾರೆ ಮುಗಿಯುವವರೆಗೆ ಉಪವಾಸವಿರಬೇಕಾದ ಅಜ್ಜನ ತುಟಿಗಳು ಎಲೆಯಡಿಕೆಯಿಂದ ಕೆಂಪಗಾಗಿದ್ದವು. ಅಜ್ಜ ಬದುಕಿರುವವರೆಗೂ ಬೀಗರ ಕಡೆಯ ಒಬ್ಬರು ಆ ವಿಷಯವನ್ನು ಬಿಡಲಿಲ್ಲ. ಅಜ್ಜಿಗೆ ಮಾತ್ರ ಬೇರೆಯೇ ದೂರು. ಮೊದಲನೆಯ ಸಲ ತಾನು ಅಷ್ಟು ಚೆನ್ನಾಗಿ ನಕ್ಕದ್ದು ಎಲ್ಲೂ ಬಂದಿಲ್ಲವೆಂದು.

ಇಷ್ಟು ಹೇಳಿದ ಮೇಲೆ ಚೀಲದ ವಿಷಯಕ್ಕೆ ಮರಳಬೇಕು. ಈಗಿನ ಚೀಲಗಳಲ್ಲಿ ಕೊರೆದ ಗುಳಿಯಿಲ್ಲ. ಎಲ್ಲಿ ಬೇಕಾದರೂ ಕಿತ್ತು ಎಲ್ಲಿ ಬೇಕಾದರೂ ಅಂಟಿಸಬಹುದಾದ ಮೆತ್ತನೆಯ ತಡಿಕೆಗಳಿವೆ. ಹೊಸ ಚೀಲ ತಂದ ಪ್ರತಿಯೊಬ್ಬನೂ ಮೊದಲ ರಾತ್ರಿ ಹನ್ನೆರಡರವರೆಗೆ ಆ ತಡಿಕೆಗಳನ್ನು ಕೀಳುತ್ತ ಅಂಟಿಸುತ್ತ ಕೂರುತ್ತಾನೆ, ಮತ್ತು ಪ್ರತಿಯೊಬ್ಬನಿಗೂ ಕೊನೆಗೆ ಎರಡು ತಡಿಕೆ ಹೆಚ್ಚಾಗಿ ಉಳಿಯುತ್ತವೆ. ಅವನ್ನು ಅಂಟಿಸುವ ವೆಲ್ಕ್ರೋ ಎಂಬ ಪಟ್ಟಿಯ ಮೂಲ ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ತ್ರಾಲ್ ಎಂಬ ಇಂಜಿನಿಯರು 1941ರಲ್ಲಿ ನಾಯಿಯೊಡನೆ ಗುಡ್ಡ ತಿರುಗಿ ಬಂದು, ನಾಯಿಯ ತುಪ್ಪಳಕ್ಕೂ ತನ್ನ ಬಟ್ಟೆಗೂ ಹತ್ತಿಕೊಂಡ ಮುಳ್ಳುಕಾಯಿಗಳನ್ನು ಪರೀಕ್ಷಿಸಿ ನೋಡಿದ್ದರಲ್ಲಿದೆ. ನಮ್ಮಲ್ಲಿ ಪಂಚೆಗೆ ಉತ್ತರಾಣಿಯ ಬೀಜ ಹತ್ತಿಸಿಕೊಂಡು ಬಂದವರು ತಲೆತಲಾಂತರದಿಂದ ಬೈದುಕೊಂಡು ಕಿತ್ತು ಬಿಸಾಡಿದ್ದಾರೆಯೇ ಹೊರತು ಅದನ್ನು ಮಾರಲು ಹೋಗಲಿಲ್ಲ. ಆ ವಿವೇಕಕ್ಕಾಗಿ ಅವರಿಗೆ ನಮಸ್ಕಾರ. ಉತ್ತರಾಣಿಗೆ ಸದ್ದಾದರೂ ಇಲ್ಲ. ವೆಲ್ಕ್ರೋ ಕೀಳುವ ಸದ್ದೋ, ಬೆಳಗಿನ ಜಾವದ ಆಟದಲ್ಲಿ ಚೆಂಡೆ ಮದ್ದಳೆಗಳೆರಡೂ ನಿಂತು ಭಾಗವತರ ಕಂಠವೊಂದೇ ಕರುಣದಲ್ಲಿ ಎಳೆಯುತ್ತಿರುವಾಗ, ಇಡೀ ಬಯಲಿನ ತೂಕಡಿಕೆಯನ್ನು ಹರಿದುಹಾಕುತ್ತದೆ. ಕ್ಯಾಮೆರಾದ ಬ್ಯಾಟರಿ ಮುಗಿಯುವುದೂ ಆಗಲೇ. ನನ್ನ ಹಳೆಯ ಧ್ವನಿಮುದ್ರಣಗಳಲ್ಲಿ ಕೆಲವು ಅಮೂಲ್ಯ ಪದ್ಯಗಳ ನಡುವೆ ಆ ಪರ್‍ರೆಂಬ ಸದ್ದು ಶಾಶ್ವತವಾಗಿ ಕುಳಿತಿದೆ. ಚೀಲ ತಯಾರಿಸುವವರಲ್ಲಿ ಒಬ್ಬನಾದರೂ ಒಂದು ರಾತ್ರಿ ಮೇಳದ ಎದುರು ಕುಳಿತಿದ್ದರೆ ಬ್ಯಾಟರಿಯ ಜೇಬಿಗೆ ಗುಂಡಿ ಹೊಲಿಯುತ್ತಿದ್ದ.

ಬಾಯಿ ಯಾವ ಕಡೆ ತೆರೆಯುತ್ತದೆ ಎಂಬುದೂ ಮುಖ್ಯ. ಬಹುಪಾಲು ಚೀಲಗಳು ಹೊರಮೈಯ ಕಡೆ ತೆರೆಯುತ್ತವೆ. ಅಂದರೆ ಬೆನ್ನಿನ ಕಡೆಯ ಭಾಗವನ್ನು ನೆಲಕ್ಕೆ ಹಾಕಿ ಮಲಗಿಸಬೇಕು. ಮಲೆನಾಡಿನ ಆಷಾಢದಲ್ಲಿ ನೆಲವೆಂದರೆ ಕೆಸರು. ಹೆಗಲಪಟ್ಟಿಗಳು ಆ ಕೆಸರನ್ನು ಹೀರಿಕೊಂಡು ಆಮೇಲೆ ನಮ್ಮ ಅಂಗಿಗೆ ಹಂಚುತ್ತವೆ. ಬೆನ್ನಿನ ಕಡೆಯೇ ತೆರೆಯುವ ಚೀಲದಲ್ಲಿ ಈ ತಾಪತ್ರಯವಿಲ್ಲ; ಜಾತ್ರೆಯ ನೂಕುನುಗ್ಗಲಿನಲ್ಲಿ ಹಿಂದಿನಿಂದ ಯಾರೂ ಜಿಪ್ಪು ಎಳೆಯುವ ಭಯವೂ ಇಲ್ಲ. ಆದರೆ ಅದನ್ನು ತೆರೆಯಬೇಕೆಂದರೆ ಪೂರ್ತಿ ಮಲಗಿಸುವಷ್ಟು ಜಾಗ ಬೇಕು, ಬಸ್ಸಿನಲ್ಲಿ ನಾವೇ ಒಂಟಿಕಾಲಿನಲ್ಲಿ ನಿಂತಿರುತ್ತೇವೆ. ಸೊಂಟಪಟ್ಟಿಯ ಕಥೆಯೂ ಇಷ್ಟೇ. ಅದನ್ನು ಬಿಗಿಯಾಗಿ ಕಟ್ಟಿದರೆ ಭಾರವೆಲ್ಲ ಹೆಗಲಿನಿಂದ ಸೊಂಟದ ಎಲುಬಿಗೆ ಇಳಿದು ಹಾಯೆನಿಸುತ್ತದೆ ಎಂಬುದು ಸತ್ಯ, ನಾನೇ ಗುಡ್ಡ ಹತ್ತುವಾಗ ಅನುಭವಿಸಿದ್ದೇನೆ. ಕಟ್ಟದೆ ಬಿಟ್ಟಾಗ ಅದರ ಬಕಲ್ಲು ಬಸ್ಸಿನ ಸೀಟಿನ ಕಂಬಿಗೆ ಸಿಕ್ಕಿಕೊಂಡು, ಇಳಿಯುವವನು ಇಳಿಯಲಾರದೆ, "ಇಳೀರಿ ಸ್ವಾಮಿ, ಬೇಗ" ಎಂಬ ಕಂಡಕ್ಟರರ ಕೂಗಿಗೆ ಉತ್ತರಿಸಲಾರದೆ ಹಿಂದಕ್ಕೇ ನಡೆಯಬೇಕಾಗುತ್ತದೆ ಎಂಬುದೂ ಅಷ್ಟೇ ಸತ್ಯ.

ಜಿಪ್ಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಲ್ಲುಗಳು ಗಟ್ಟಿಯಾಗಿಯೇ ಇರುತ್ತವೆ, ಮೊದಲು ಸಡಿಲಾಗುವುದು ರನ್ನರು. ಮುಂದೆ ಮುಚ್ಚುತ್ತ ಹೋದಂತೆ ಹಿಂದೆ ತೆರೆದುಕೊಳ್ಳುತ್ತ ಬರುತ್ತದೆ. ಬಸ್ ಸ್ಟ್ಯಾಂಡಿನ ಬಳಿ ಚಪ್ಪಲಿ ಹೊಲಿಯುವವರು ಇಕ್ಕಳದಿಂದ ಅದರ ಎರಡು ಬದಿಗಳನ್ನೂ ಒಂದು ಸಲ ಒತ್ತಿ ಕೊಟ್ಟರೆ ಇನ್ನೊಂದು ಮಳೆಗಾಲ ನಡೆಯುತ್ತದೆ. ಜೀವಮಾನದ ಗ್ಯಾರಂಟಿ ಎಂದು ಚೀಟಿ ಅಂಟಿಸಿ ಕೊಟ್ಟವರಿಗೆ ನಾನು ಬರೆದ ಪತ್ರಕ್ಕೆ, ಗ್ಯಾರಂಟಿ ಚೀಲದ ಜೀವಮಾನಕ್ಕೇ ಹೊರತು ಕೊಂಡವನ ಜೀವಮಾನಕ್ಕಲ್ಲ ಎಂಬ ಅರ್ಥದ ಉತ್ತರ ಬಂದಿತ್ತು.

ಎಲ್ಲಕ್ಕಿಂತ ನನಗೆ ಅರ್ಥವಾಗದಿರುವುದು ಕ್ಯಾಮೆರಾ ಚೀಲಗಳ ಮೇಲೆ ದೊಡ್ಡ ಅಕ್ಷರಗಳಲ್ಲಿ ಕಂಪನಿಯ ಹೆಸರು ಹೊಲಿಯುವ ಚಟ. ಒಳಗೆ ಎರಡು ಮೂರು ಲಕ್ಷದ ಸಾಮಾನಿದೆ ಎಂದು ರೈಲ್ವೆ ನಿಲ್ದಾಣಕ್ಕೆಲ್ಲ ಸಾರಿಕೊಂಡು ನಡೆಯುವುದಕ್ಕೆ ನಾವು ಹಣ ಕೊಡಬೇಕು. 1970ರ ದಶಕದಲ್ಲಿ ಫಿಲಡೆಲ್ಫಿಯಾದ ಪತ್ರಿಕಾ ಛಾಯಾಗ್ರಾಹಕ ಜಿಮ್ ಡಾಮ್ಕೆ ತನ್ನ ಕೆಲಸಕ್ಕೆಂದು ರೂಪಿಸಿಕೊಂಡ ಮೆತ್ತನೆಯ ಕ್ಯಾನ್ವಾಸ್ ಚೀಲ ಸಹೋದ್ಯೋಗಿಗಳಿಗೆಲ್ಲ ಬೇಕಾಗಿ ಹೆಸರು ಮಾಡಿತು. ಅದು ನೋಡಲು ಯಾವುದೋ ಸಾಧಾರಣ ಹೆಗಲುಚೀಲದ ಹಾಗಿರುತ್ತದೆ. ಕೆಲಸ ಮಾಡುವವನು ತನಗಾಗಿ ಮಾಡಿಕೊಂಡದ್ದಕ್ಕೂ, ಮಾರುವವನು ನಮಗಾಗಿ ಮಾಡಿದ್ದಕ್ಕೂ ಇರುವ ಅಂತರ ಇದೇ. ನಮ್ಮ ಕಡೆಯ ಹಿರಿಯ ವಿಡಿಯೋದವರಲ್ಲಿ ಅನೇಕರು ಅಡಿಕೆ ಬೆಳೆಗಾರರ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಕೊಟ್ಟ ಚೀಲದೊಳಗೆ ಹಳೆಯ ಹಾಸಿಗೆಯ ಸ್ಪಂಜು ಕತ್ತರಿಸಿ ಇಟ್ಟುಕೊಂಡು ಓಡಾಡುವುದನ್ನು ನೋಡಿದ್ದೇನೆ. ಅಡಿಕೆಯ ದರ ವಿಚಾರಿಸುವವರು ಸಿಕ್ಕಾರೇ ಹೊರತು ಆ ಚೀಲವನ್ನು ಕದಿಯುವವರು ಸಿಗಲಿಕ್ಕಿಲ್ಲ.

ಇನ್ನು ಬಣ್ಣ. ಚೀಲ ಹೊರಗೆ ಕಪ್ಪಾಗಿರಲಿ, ಕೊಳೆ ಕಾಣುವುದಿಲ್ಲ, ಒಪ್ಪಿದೆ. ಒಳಗೂ ಕಪ್ಪು ಏಕೆ? ಕಪ್ಪು ಲೆನ್ಸು, ಕಪ್ಪು ಮುಚ್ಚಳ, ಕಪ್ಪು ವೈರು, ಕಪ್ಪು ಬ್ಯಾಟರಿ, ಅವುಗಳ ಸುತ್ತ ಕಪ್ಪು ತಡಿಕೆ; ಆಟದ ಬಯಲಿನ ಕತ್ತಲಲ್ಲಿ ಒಳಗೆ ಕೈಯಾಡಿಸಿ ಮೆಮೊರಿ ಕಾರ್ಡು ಹುಡುಕುವವನ ಪಾಡು ಯಾರಿಗೂ ಬೇಡ. ಕೆಲವು ಕಂಪನಿಗಳು ಒಳಗೆ ಬೂದು ಬಣ್ಣ ಹಾಕುತ್ತಿವೆ, ಅದನ್ನೇ ಹೊಸ ಶೋಧವೆಂದು ಹೇಳಿಕೊಂಡು ಬೆಲೆ ಏರಿಸುತ್ತಿವೆ. ನನಗೆ ಹಳದಿಯೇ ಬೇಕು. ಹೀಗೆಂದುಕೊಂಡು ಈಗ ಬಳಸುತ್ತಿರುವ ಚೀಲವನ್ನೂ ಎರಡು ಹಳದಿ ರವಿಕೆ ಕಣಗಳನ್ನೂ ಹಿಡಿದು ಪೇಟೆಯ ಟೈಲರ ಬಳಿ ಹೋದೆ. ಅವರು ಚೀಲದ ಬಾಯಿ ತೆರೆದು, ಒಂದು ತಡಿಕೆಯನ್ನು ಪರ್‍ರೆಂದು ಕಿತ್ತು, ಅದನ್ನು ನನ್ನ ರವಿಕೆ ಕಣಕ್ಕೆ ಒತ್ತಿ ಹಿಡಿದು ಬಿಟ್ಟರು. ತಡಿಕೆ ಕೆಳಗೆ ಬಿತ್ತು. "ಇದಕ್ಕೆ ಈ ಮುಳ್ಳು ಹತ್ತುವುದಿಲ್ಲ ಸರ್, ಒಳಗಿರುವಂಥ ಜುಂಗು ಜುಂಗಿನ ಬಟ್ಟೆಯೇ ಬೇಕು. ಅದನ್ನು ನೀವೇ ತಂದುಕೊಡಿ, ಮದುವೆ ಸೀಸನ್ ಮುಗಿದ ಮೇಲೆ ನೋಡೋಣ" ಎಂದರು. ಮದುವೆ ಸೀಸನ್ ಮುಗಿದ ಮೇಲೆ ಚೀಲ ಯಾರಿಗೆ ಬೇಕೆಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅಲ್ಲಿಂದ ಇಳಿದು ಸೀಟ್ ಕವರಿನ ಬಟ್ಟೆ ಮಾರುವ ಅಂಗಡಿಗೆ ಹೋಗಿ, ವೆಲ್ಕ್ರೋ ಹತ್ತುವ ಬಟ್ಟೆ ಹಳದಿಯಲ್ಲಿ ಇದೆಯೇ ಎಂದು ವಿಚಾರಿಸಿದೆ. ಅಂಗಡಿಯವರು ಮೇಲಿನ ಸಾಲಿನಿಂದ ಒಂದು ಥಾನು ಇಳಿಸಿ, ಧೂಳು ಕೊಡವಿ, ಹಲಗೆಯ ಮೇಲೆ ಹಾಸಿದರು. ಹಳದಿಯಲ್ಲಿ ಇಲ್ಲವಂತೆ, ತರಿಸುವುದೂ ಕಷ್ಟವಂತೆ. ಕಪ್ಪಿನಲ್ಲಾದರೆ ಎಷ್ಟು ಬೇಕಾದರೂ ಕೊಡುತ್ತೇನೆ ಎಂದರು.